ಡರ್ಟ್ ರೇಸಿಗೆ ಯಮಹಾ ಎಕ್ಸ್‌ಟಿ 500ರ ಸಿದ್ಧತೆ

ಯಮಹಾ ಎಕ್ಸ್‌ಟಿ 500 ಎಂಬುದು ಜಪಾನಿನ ಯಮಹಾ ಸಂಸ್ಥೆಯು 1976ರ ಮಾದರಿಯಾಗಿ ಮಾರುಕಟ್ಟೆಗೆ ತಂದ, ಒಂಟಿ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಟ್ರೇಲ್ ಮೋಟಾರ್‌ಸೈಕಲ್. ಡಾಂಬರು ರಸ್ತೆಯಲ್ಲೂ ಕಾಡುದಾರಿಯಲ್ಲೂ ಓಡಬಲ್ಲ, ದೀಪ, ಹಾರನ್, ನೋಂದಣಿ ಫಲಕಗಳಿರುವ ಬೈಕನ್ನು ಟ್ರೇಲ್ ಬೈಕ್ ಎನ್ನುತ್ತಾರೆ. ಇಂತಹ ಹಳೆಯ ಬೈಕನ್ನು ಮೋಟೋಕ್ರಾಸ್ ಮುಂತಾದ ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗಳಿಗೆ, ಅಂದರೆ ಡರ್ಟ್ ರೇಸಿಗೆ, ಹೊಂದಿಸಿಕೊಳ್ಳುವುದು ಯುರೋಪ್ ಮತ್ತು ಅಮೆರಿಕಗಳಲ್ಲಿ ಬೇರೂರಿದ ಹವ್ಯಾಸವಾಗಿದೆ. ಈ ಲೇಖನವು ಎಕ್ಸ್‌ಟಿ 500 ಬೈಕನ್ನು ಉದಾಹರಣೆಯಾಗಿಟ್ಟುಕೊಂಡು ಆ ಸಿದ್ಧತೆಯ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ ವಿವರಿಸುತ್ತದೆ.

ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದೇ ಸಿದ್ಧತೆಯ ಮೊದಲ ಕೆಲಸವೆಂದು ಹೊಸಬರು ಭಾವಿಸುವುದುಂಟು. ಈ ಬೈಕಿನ ಮಟ್ಟಿಗೆ ಅದು ಸರಿಯಲ್ಲ. ಇದರ ಎಂಜಿನ್ ಮಣ್ಣಿನಲ್ಲಿ ಹಿಂದಿನ ಚಕ್ರವನ್ನು ಸುಲಭವಾಗಿ ಜಾರಿಸುವಷ್ಟು ಬಲಶಾಲಿಯಾಗಿಯೇ ತಯಾರಾಗಿತ್ತು. ಕೊರತೆ ಇದ್ದದ್ದು ಬೇರೆಡೆ: ತೂಕ ಹೆಚ್ಚು, ಸಸ್ಪೆನ್ಷನ್ ಮೃದು. ಇವುಗಳ ಜೊತೆಗೆ ನಾಲ್ಕು ದಶಕ ಕಳೆದ ಲೋಹದ ಆಯಾಸವೂ ಈಗ ಸೇರಿಕೊಂಡಿದೆ. ಆದ್ದರಿಂದ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಮೊದಲು ಬೈಕನ್ನು ಅದರ ಮೂಲ ಸ್ಥಿತಿಯಲ್ಲಿ ಗಟ್ಟಿಮಾಡುತ್ತಾರೆ, ಆಮೇಲೆ ತೂಕ ಇಳಿಸುತ್ತಾರೆ, ಅನಂತರ ಸಸ್ಪೆನ್ಷನ್ ತಿದ್ದುತ್ತಾರೆ. ಎಂಜಿನ್ನಿನ ಮಾರ್ಪಾಡು ಕೊನೆಗೆ ಬರುತ್ತದೆ; ಅನೇಕರ ವಿಷಯದಲ್ಲಿ ಬರುವುದೇ ಇಲ್ಲ.

ಹಿನ್ನೆಲೆ

ಮೋಟೋಕ್ರಾಸಿನ 500 ಸಿಸಿ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ನಾಲ್ಕು ಸ್ಟ್ರೋಕಿನ ಬೈಕುಗಳ ಕಾಲ 1960ರ ದಶಕದ ನಡುವಿಗೆ ಮುಗಿಯಿತು. ಬ್ರಿಟನ್ನಿನ ಜೆಫ್ ಸ್ಮಿತ್ ಬಿಎಸ್‌ಎ ಬೈಕಿನಲ್ಲಿ 1964 ಮತ್ತು 1965ರಲ್ಲಿ ಪ್ರಶಸ್ತಿ ಗೆದ್ದರು. ಮರುವರ್ಷ ಪೌಲ್ ಫ್ರೀಡ್ರಿಕ್ಸ್ ಎರಡು ಸ್ಟ್ರೋಕಿನ ಸಿಜಡ್ ಬೈಕಿನಲ್ಲಿ ಗೆದ್ದ ಮೇಲೆ ಹಗುರವಾದ ಎರಡು ಸ್ಟ್ರೋಕಿನ ಬೈಕುಗಳೇ ಆ ವರ್ಗವನ್ನು ಆಳಿದವು. ಎಕ್ಸ್‌ಟಿ 500 ಬಂದದ್ದು ಇಂತಹ ಸಮಯದಲ್ಲಿ. ಅದನ್ನು ಸ್ಪರ್ಧೆಗೆಂದು ರೂಪಿಸಿರಲಿಲ್ಲ. ಅದರ ಜೊತೆಗೇ ದೀಪಗಳಿಲ್ಲದ, ಮಣ್ಣಿನ ಹಾದಿಗೆ ಮಾತ್ರ ಮೀಸಲಾದ ಟಿಟಿ 500 ಎಂಬ ಸೋದರ ಮಾದರಿಯೂ ಬಂದಿತು. ಇದೇ ಎಂಜಿನ್ನನ್ನು ಆಧರಿಸಿದ ರಸ್ತೆ ಬೈಕು ಎಸ್‌ಆರ್ 500, 1978ರಲ್ಲಿ ಬಂದಿತು. ಈ ಮೂರರ ಅನೇಕ ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಇಂದಿಗೂ ಈ ಬೈಕುಗಳನ್ನು ಓಟಕ್ಕೆ ಇಳಿಸುವುದು ಸಾಧ್ಯವಾಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಟ್ರೇಲ್ ಬೈಕಿನ ಈ ಎಂಜಿನ್ನಿನಿಂದ ಎಷ್ಟು ಸಾಧ್ಯವೆಂಬುದನ್ನು ಮೊದಲು ತೋರಿಸಿದವರು ಸ್ವೀಡನ್ನಿನವರು. 250 ಸಿಸಿ ವರ್ಗದಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಟಾರ್ಸ್ಟನ್ ಹಾಲ್‌ಮನ್ ಮತ್ತು 500 ಸಿಸಿ ವರ್ಗದಲ್ಲಿ ಎರಡು ಬಾರಿ ಗೆದ್ದಿದ್ದ ಸ್ಟೆನ್ ಲುಂಡಿನ್ ಇಬ್ಬರೂ ಸೇರಿ ಯಮಹಾ ಎಂಜಿನ್ನನ್ನು ಹಗುರವಾದ ಬೇರೊಂದು ಫ್ರೇಮಿಗೆ ಕೂರಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಎಚ್‌ಎಲ್ 500 ಎಂಬ ಹೆಸರು ಬಂದಿತು. 1969 ಮತ್ತು 1970ರ ಚಾಂಪಿಯನ್ ಬೆಂಗ್ಟ್ ಓಬರಿ 1977ರ ಲಕ್ಸೆಂಬರ್ಗ್ ಗ್ರ್ಯಾನ್ ಪ್ರಿಯ ಮೊದಲ ಓಟವನ್ನು ಈ ಬೈಕಿನಲ್ಲಿ ಗೆದ್ದು, ಆ ವರ್ಷದ ಪಟ್ಟಿಯಲ್ಲಿ ಒಂಬತ್ತನೆಯವರಾದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಾಲ್‌ಮನ್ ಮತ್ತು ಲುಂಡಿನ್ ಯಮಹಾದ ಎಂಜಿನ್ನನ್ನು ಉಳಿಸಿಕೊಂಡು ಫ್ರೇಮು, ಫೋರ್ಕುಗಳನ್ನು ಬಿಟ್ಟುಕೊಟ್ಟರು. ಬೈಕಿನ ದೌರ್ಬಲ್ಯ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕಿಲ್ಲ.

ಮರುಭೂಮಿಯಲ್ಲಿ ಲೆಕ್ಕ ಬೇರೆಯಾಯಿತು. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಹೊರಟ ಮೊದಲ ಪ್ಯಾರಿಸ್–ಡಾಕರ್ ರ‍್ಯಾಲಿಯನ್ನು ಫ್ರಾನ್ಸಿನ ಸಿರಿಲ್ ನೆವೊ ಎಕ್ಸ್‌ಟಿ 500ರಲ್ಲಿ ಗೆದ್ದರು. 1980ರಲ್ಲಿಯೂ ಅವರೇ ಅದೇ ಮಾದರಿಯಲ್ಲಿ ಗೆದ್ದರು. ಅಲ್ಲಿ ಹಾರುವ ದಿಬ್ಬಗಳಿಗಿಂತ ಸಾವಿರಾರು ಕಿಲೋಮೀಟರ್ ಕೆಡದೆ ಓಡುವ ಗುಣ ಮುಖ್ಯವಾಗಿತ್ತು. (ಇದೇ ರ‍್ಯಾಲಿಯನ್ನು, ಅದು ದಕ್ಷಿಣ ಅಮೆರಿಕಕ್ಕೆ ಸ್ಥಳಾಂತರವಾದ ಮೇಲೆ, 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ. ಎಸ್. ಸಂತೋಷ್.)

ವರ್ಗದ ಆಯ್ಕೆ

ಪಾನಾ ಕೈಗೆತ್ತಿಕೊಳ್ಳುವ ಮುನ್ನ ನಿಯಮಪುಸ್ತಕ ಓದುವುದು ಒಳ್ಳೆಯದು. ಹಳೆಯ ಬೈಕುಗಳ ಸ್ಪರ್ಧೆಯಲ್ಲಿ ವಾಹನಗಳನ್ನು ತಯಾರಾದ ವರ್ಷ ಮತ್ತು ತಾಂತ್ರಿಕ ಲಕ್ಷಣಗಳಿಗೆ ಅನುಗುಣವಾಗಿ ವಿಂಗಡಿಸುತ್ತಾರೆ. 1973–75ರ ಸುಮಾರಿಗೆ ಮೋಟೋಕ್ರಾಸ್ ಬೈಕುಗಳ ಹಿಂಬದಿ ಸಸ್ಪೆನ್ಷನ್ನಿನಲ್ಲಿ ದೊಡ್ಡ ಬದಲಾವಣೆಯಾಯಿತು. ಬೆಲ್ಜಿಯಮ್ಮಿನ ಲೂಸಿಯಾ ಟಿಲ್ಕೆನ್ಸ್ ರೂಪಿಸಿದ ಒಂಟಿ ಶಾಕ್ ಅಬ್ಸಾರ್ಬರಿನ ವಿನ್ಯಾಸವನ್ನು ಯಮಹಾ 1973ರಲ್ಲಿ ಗ್ರ್ಯಾನ್ ಪ್ರಿಗೆ ತಂದು, ಅದೇ ವರ್ಷ ಹೋಕನ್ ಆಂಡರ್ಸನ್ ಅವರ ಮೂಲಕ 250 ಸಿಸಿ ಪ್ರಶಸ್ತಿ ಗಳಿಸಿತು. ಉಳಿದ ತಯಾರಕರು ಎರಡು ಶಾಕ್‌ಗಳನ್ನೇ ಮುಂದಕ್ಕೆ ಓರೆಯಾಗಿ ಜೋಡಿಸಿ ಚಕ್ರದ ಏರಿಳಿತವನ್ನು ಹೆಚ್ಚಿಸಿದರು. ಅಲ್ಲಿಯವರೆಗೆ ಸುಮಾರು 100 ಮಿಲಿಮೀಟರ್ ಇದ್ದ ಹಿಂದಿನ ಚಕ್ರದ ಚಲನೆ ಕೆಲವೇ ವರ್ಷಗಳಲ್ಲಿ ಎರಡು ಪಟ್ಟು ದಾಟಿತು.

ಈ ಕಾರಣದಿಂದಲೇ ಅಮೆರಿಕದ ಹಳೆಯ ಬೈಕುಗಳ ಸ್ಪರ್ಧಾ ಸಂಸ್ಥೆ ಎಎಚ್‌ಆರ್‌ಎಂಎ ತನ್ನ ಹಳೆಯ ಮೋಟೋಕ್ರಾಸ್ ವರ್ಗಗಳಲ್ಲಿ ಮುಂದಿನ ಚಕ್ರದ ಚಲನೆಯನ್ನು 7 ಅಂಗುಲಕ್ಕೂ ಹಿಂದಿನದನ್ನು 4 ಅಂಗುಲಕ್ಕೂ ಸೀಮಿತಗೊಳಿಸಿದೆ. ಎಕ್ಸ್‌ಟಿ 500 ಈ ಗಡಿಯ ಆಚೆಗೆ ಬಂದ ಬೈಕು. ಅದು ನಂತರದ ಕಾಲಘಟ್ಟದ ವರ್ಗಗಳಿಗೆ, ಯುರೋಪಿನಲ್ಲಾದರೆ ಟ್ವಿನ್‌ಶಾಕ್ ಎಂಬ ವರ್ಗಕ್ಕೆ ಸೇರುತ್ತದೆ. ಟ್ವಿನ್‌ಶಾಕ್ ವರ್ಗಕ್ಕೆ ಹಿಂದೆ ಎರಡು ಶಾಕ್, ಗಾಳಿಯಿಂದ ತಂಪಾಗುವ ಎಂಜಿನ್, ಡ್ರಮ್ ಬ್ರೇಕ್ ಇವು ಸಾಮಾನ್ಯ ಷರತ್ತುಗಳು. ಅಂದಮೇಲೆ ಹೊಸ ಬೈಕಿನ ಡಿಸ್ಕ್ ಬ್ರೇಕ್ ಜೋಡಿಸಲು ಹಣ ಸುರಿದವರು ತಪಾಸಣೆಯ ಸಾಲಿನಿಂದಲೇ ಹಿಂದಿರುಗಬೇಕಾಗಬಹುದು.

ಬಿಚ್ಚುವುದು ಮತ್ತು ಪರೀಕ್ಷೆ

ಎಕ್ಸ್‌ಟಿ 500ರ ಒಣ ತೂಕ ಸುಮಾರು 140 ಕಿಲೋಗ್ರಾಂ. ಅದೇ ಕಾಲದ ಎರಡು ಸ್ಟ್ರೋಕಿನ ಮೋಟೋಕ್ರಾಸ್ ಬೈಕುಗಳು ಇದಕ್ಕಿಂತ ಬಹಳ ಹಗುರವಾಗಿದ್ದವು. ಹೆಡ್‌ಲೈಟು, ಇಂಡಿಕೇಟರ್, ಕನ್ನಡಿ, ಹಾರನ್, ವೇಗಸೂಚಿ, ಬ್ಯಾಟರಿ, ಹಿಂಬದಿ ಸವಾರನ ಫುಟ್‌ರೆಸ್ಟ್, ಲೋಹದ ಮಡ್‌ಗಾರ್ಡ್ ಮತ್ತು ಮೂಲ ಸೈಲೆನ್ಸರ್‌ಗಳನ್ನು ಬಿಚ್ಚಿದರೆ ಹೆಚ್ಚೇನೂ ಖರ್ಚಿಲ್ಲದೆ ಗಮನಾರ್ಹ ಭಾರ ಇಳಿಯುತ್ತದೆ. ಎತ್ತರದಲ್ಲಿರುವ ಮತ್ತು ಬೈಕಿನ ಎರಡು ತುದಿಗಳಲ್ಲಿರುವ ಭಾರವನ್ನು ಮೊದಲು ತೆಗೆಯುವುದು ಲೇಸು. ತಿರುವಿನಲ್ಲಿ ಸವಾರನ ತೋಳಿಗೆ ಹೆಚ್ಚು ತಿಳಿಯುವುದು ಅದೇ. ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ ಎತ್ತಿಡುವುದು ವಾಡಿಕೆ. ಈ ಮಾದರಿಯ ಅಲ್ಯುಮಿನಿಯಂ ಪೆಟ್ರೋಲ್ ಟ್ಯಾಂಕು ಸಂಗ್ರಾಹಕರಿಗೆ ಪ್ರಿಯವಾದ ವಸ್ತು, ಒಂದು ಬೀಳಿಗೆ ನಜ್ಜುಗುಜ್ಜಾಗುವಂಥದ್ದು. ಹಾಗಾಗಿ ಅದನ್ನು ಕಪಾಟಿನಲ್ಲಿಟ್ಟು ಸ್ಪರ್ಧೆಗೆ ಪ್ಲಾಸ್ಟಿಕ್ ಟ್ಯಾಂಕು ಹಾಕುವವರು ಬಹಳ.

ಬರಿಯ ಫ್ರೇಮು ಉಳಿದಾಗ ಬಿರುಕುಗಳನ್ನು ಹುಡುಕಬೇಕು. ಹ್ಯಾಂಡಲ್ ಕೂರುವ ಕೊಳವೆಯ ಸುತ್ತಲಿನ ಬೆಸುಗೆ, ಶಾಕ್‌ಗಳ ಮೇಲಿನ ಹಿಡಿಕೆ, ಫುಟ್‌ರೆಸ್ಟಿನ ಬುಡ, ಎಂಜಿನ್ ಬಿಗಿಯುವ ಕಿವಿಗಳು ಮುಖ್ಯ ಸ್ಥಳಗಳು. ಈ ಎಂಜಿನ್ನಿನಲ್ಲಿ ಕಂಪನವನ್ನು ತಣಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಒಂದೇ ದೊಡ್ಡ ಪಿಸ್ಟನ್ನಿನ ಹೊಡೆತವೆಲ್ಲ ಈ ಕಿವಿಗಳ ಮೂಲಕವೇ ಫ್ರೇಮಿಗೆ ಹೋಗುತ್ತದೆ. ಎಂಜಿನ್ನಿನ ಒಂದು ಬೋಲ್ಟು ಸಡಿಲವಾದರೂ ಉಳಿದವುಗಳ ಸುತ್ತ ಲೋಹ ಸೀಳತೊಡಗುತ್ತದೆ. ಬೋಲ್ಟುಗಳಿಗೆ ಎಳೆ ಬಿಗಿಯುವ ಅಂಟು ಹಚ್ಚಿ, ಮೊದಲ ಓಟದ ನಂತರ ಮತ್ತೆ ಬಿಗಿ ನೋಡಬೇಕೆನ್ನುವುದು ಇದಕ್ಕಾಗಿಯೇ.

ಫ್ರೇಮಿನೊಳಗಿನ ಎಣ್ಣೆ

ಎಕ್ಸ್‌ಟಿ 500ರ ಸಿದ್ಧತೆಯಲ್ಲಿ ಅತಿ ಹೆಚ್ಚು ಎಂಜಿನ್‌ಗಳನ್ನು ಬಲಿ ತೆಗೆದುಕೊಳ್ಳಬಲ್ಲ ಸಂಗತಿ ಇದು. ಇದನ್ನು ವಿವರವಾಗಿ ತಿಳಿಯುವುದು ಅಗತ್ಯ. ಸಾಮಾನ್ಯ ಬೈಕುಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿ ನಿಲ್ಲುತ್ತದೆ. ಈ ಬೈಕಿನಲ್ಲಿ ಹಾಗಲ್ಲ. ಎಣ್ಣೆಯ ದಾಸ್ತಾನು ಫ್ರೇಮಿನ ಮೇಲಿನ ಮತ್ತು ಮುಂದಿನ ದಪ್ಪ ಕೊಳವೆಗಳ ಒಳಗೆ ಇರುತ್ತದೆ. ಪಂಪು ಅಲ್ಲಿಂದ ಎಳೆದು ಎಂಜಿನ್ನಿಗೆ ಕೊಡುತ್ತದೆ; ಕೆಲಸ ಮುಗಿಸಿ ತಳಕ್ಕೆ ಬಿದ್ದ ಎಣ್ಣೆಯನ್ನು ಪಂಪಿನ ಇನ್ನೊಂದು ಭಾಗ ಫ್ರೇಮಿಗೆ ಮರಳಿಸುತ್ತದೆ. ಪ್ರತ್ಯೇಕ ಟ್ಯಾಂಕಿನ ಅಗತ್ಯ ತಪ್ಪುತ್ತದೆ, ಕೊಳವೆಯ ಮೈಗೆ ಗಾಳಿ ತಾಗಿ ಎಣ್ಣೆ ತಂಪಾಗುತ್ತದೆ, ಎಂಜಿನ್ನಿನ ತಳ ನೆಲದಿಂದ ಎತ್ತರಕ್ಕೆ ಉಳಿಯುತ್ತದೆ. ಜಾಣ ವಿನ್ಯಾಸವೇ ಸರಿ.

ಆದರೆ ಹಳೆಯ ಫ್ರೇಮನ್ನು ಹೊಸದಾಗಿಸುವವರು ಮಾಡುವ ಮೊದಲ ಕೆಲಸ ಅದಕ್ಕೆ ಮರಳು ಹೊಡೆಸಿ ಬಣ್ಣ ತೆಗೆಸುವುದು. ಎಣ್ಣೆಯ ಬಾಯಿಗಳನ್ನು ಸರಿಯಾಗಿ ಮುಚ್ಚದಿದ್ದರೆ ಮರಳಿನ ಕಣಗಳು ಕೊಳವೆಯೊಳಗೆ ಸೇರುತ್ತವೆ, ಒಳಗಿನ ಹಳೆಯ ಎಣ್ಣೆಯ ಜಿಡ್ಡಿಗೆ ಅಂಟಿಕೊಳ್ಳುತ್ತವೆ. ನೀರು ಅಥವಾ ಪೆಟ್ರೋಲ್ ಹಾಕಿ ಒಮ್ಮೆ ಅಲುಗಿಸಿದರೆ ಅವು ಬರುವುದಿಲ್ಲ. ಎಂಜಿನ್ ಬಿಸಿಯಾದಾಗ, ಬಿಸಿ ಎಣ್ಣೆ ಜಿಡ್ಡನ್ನು ಕರಗಿಸಿದಾಗ ಹೊರಬರುತ್ತವೆ. ಕೊಳವೆಯ ತಳದ ಜಾಲರಿ ದಪ್ಪ ಕಣಗಳನ್ನಷ್ಟೇ ತಡೆಯಬಲ್ಲದು. ಸಣ್ಣವು ಎಣ್ಣೆಯ ಜೊತೆಗೇ ಪಂಪಿಗೆ ಹೋಗಿ ಅದರ ನುಣುಪಾದ ಮೈಯನ್ನು ಗೀರುತ್ತವೆ. ಪಂಪು ಸವೆದರೆ ಮುಂದಿನ ಎಲ್ಲ ಬೇರಿಂಗುಗಳಿಗೂ ಎಣ್ಣೆ ಕಡಿಮೆಯಾಗುತ್ತದೆ. ಬಣ್ಣ ಹೊಳೆಯುವ ಫ್ರೇಮಿನ ಬೈಕು ಎರಡನೆಯ ಓಟದಲ್ಲೇ ಎಂಜಿನ್ ಹಿಡಿದುಕೊಂಡು ನಿಂತರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಇದಕ್ಕೆ ಪರಿಹಾರ ಸರಳ, ತಾಳ್ಮೆ ಮಾತ್ರ ಬೇಕು. ಮರಳು ಹೊಡೆಸುವ ಮುನ್ನ ಕೊಳವೆಯನ್ನು ಒಳಗಿನಿಂದ ಜಿಡ್ಡು ಹೋಗುವಂತೆ ತೊಳೆದು, ಎಲ್ಲ ಬಾಯಿಗಳಿಗೂ ಎಳೆಯುಳ್ಳ ಬಿರಡೆ ಹಾಕಬೇಕು. ಬರಿಯ ಟೇಪು ಮರಳಿನ ಹೊಡೆತಕ್ಕೆ ಹರಿಯುತ್ತದೆ. ಬಣ್ಣವಾದ ಮೇಲೆ ದ್ರಾವಕ ಹಾಕಿ ಫ್ರೇಮನ್ನು ಎಲ್ಲ ದಿಕ್ಕಿಗೂ ಮಗುಚುತ್ತ, ಹೊರಬರುವ ದ್ರವವನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಒಂದು ಕಣವೂ ಉಳಿಯದವರೆಗೆ ಇದನ್ನು ಮುಂದುವರಿಸಬೇಕು. ಮೊದಲ ಎಣ್ಣೆಯನ್ನು ಅಲ್ಪಾವಧಿಯ ಓಟದ ನಂತರವೇ ಚೆಲ್ಲಿ, ಜಾಲರಿಗಳನ್ನೂ ಫಿಲ್ಟರನ್ನೂ ಬಿಚ್ಚಿ ನೋಡಬೇಕು. ಫ್ರೇಮಿಗೆ ಮರಳು ಹೊಡೆಸದೆ ಕೈಯಲ್ಲೇ ಉಜ್ಜಿ ಬಣ್ಣ ಬಳಿಯುವುದು ಎಲ್ಲಕ್ಕಿಂತ ಸುರಕ್ಷಿತ. ಓಟದ ಬೈಕಿಗೆ ಅಷ್ಟು ಅಂದ ಸಾಕು.

ಎಣ್ಣೆಯ ಅಳತೆಯಲ್ಲಿಯೂ ಒಂದು ಮೋಸವಿದೆ. ಬೈಕು ವಾರಗಟ್ಟಲೆ ನಿಂತಾಗ ಫ್ರೇಮಿನ ಎಣ್ಣೆ ನಿಧಾನವಾಗಿ ಪಂಪನ್ನು ದಾಟಿ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಆಗ ಅಳತೆಕಡ್ಡಿ ತೆಗೆದರೆ ಒಣಗಿರುತ್ತದೆ. ಎಣ್ಣೆ ಕಡಿಮೆಯಾಗಿದೆಯೆಂದು ಭಾವಿಸಿ ಮತ್ತೆ ತುಂಬಿಸಿದರೆ, ಎಂಜಿನ್ ಶುರುವಾದ ಮೇಲೆ ಹೆಚ್ಚಾದ ಎಣ್ಣೆ ಉಸಿರುಕೊಳವೆಯ ಮೂಲಕ ಹೊರಹೊಮ್ಮುತ್ತದೆ. ಎಂಜಿನ್ ಕೆಲ ನಿಮಿಷ ಓಡಿದ ನಂತರವೇ ಅಳೆಯಬೇಕು. ಎಂಜಿನ್ ಬಿಚ್ಚಿ ಜೋಡಿಸಿದಾಗಲಂತೂ ಕೊಳವೆಗಳಲ್ಲಿ ಗಾಳಿ ನಿಂತಿರುತ್ತದೆ. ಸಿಲಿಂಡರ್ ಹೆಡ್ಡಿಗೆ ಹೊರಗಿನಿಂದ ಹೋಗುವ ತೆಳುವಾದ ಎಣ್ಣೆ ಪೈಪಿನ ಬೋಲ್ಟನ್ನು ತುಸು ಸಡಿಲಿಸಿ, ಎಂಜಿನ್ ನಿಧಾನಗತಿಯಲ್ಲಿರುವಾಗ ಅಲ್ಲಿ ಎಣ್ಣೆ ಜಿನುಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕ್ಯಾಮ್‌ಶಾಫ್ಟ್ ಮತ್ತು ರಾಕರ್‌ಗಳಿಗೆ ಎಣ್ಣೆ ತಲುಪುವುದು ಈ ಪೈಪಿನಿಂದ. ಅಲ್ಲಿ ಜಿನುಗದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಬೇಕು.

ಫ್ರೇಮಿನಲ್ಲಿ ಎಣ್ಣೆ ಇರುವುದರಿಂದ ಒಂದು ಅನುಕೂಲವೂ ಉಂಟು: ಎಣ್ಣೆ ತುಂಬಿದ ಕೊಳವೆಯಲ್ಲಿ ಬಿರುಕು ಬಿಟ್ಟರೆ ಅದು ಬೆವರಿದಂತೆ ಜಿನುಗಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅದೇ ಕಾರಣಕ್ಕೆ ಈ ಕೊಳವೆಗಳ ಮೇಲೆ ಮನಬಂದಂತೆ ಬೆಸುಗೆ ಹಾಕುವುದು ಅಪಾಯ. ಒಳಗೆ ಎಣ್ಣೆಯ ಆವಿ ಉಳಿದಿದ್ದರೆ ಬೆಂಕಿ ಹತ್ತೀತು. ಬೆಸುಗೆಯ ಕಿಟ್ಟ ಒಳಗೆ ಉದುರಿದರೆ ಮರಳಿನದೇ ಕಥೆ.

ಸಸ್ಪೆನ್ಷನ್

ಮುಂದಿನ ಫೋರ್ಕನ್ನು ಪೂರ್ಣ ಬಿಚ್ಚಿ, ಕೊಳವೆಗಳು ನೇರವಾಗಿವೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಿ, ಸೀಲುಗಳನ್ನು ಬದಲಿಸಬೇಕು. ಮೂಲ ಸ್ಪ್ರಿಂಗುಗಳು ರಸ್ತೆಯ ಹಿತಕ್ಕೆ ಮೃದುವಾಗಿ ಮಾಡಿದವು. ದಶಕಗಳಲ್ಲಿ ಇನ್ನಷ್ಟು ಕುಗ್ಗಿರುತ್ತವೆ. ಸವಾರನ ತೂಕಕ್ಕೆ ತಕ್ಕ ಗಡಸು ಸ್ಪ್ರಿಂಗು ಹಾಕುವುದು ಸರಿಯಾದ ಮಾರ್ಗ. ಹಾಗೆ ಮಾಡದೆ ದಪ್ಪ ಎಣ್ಣೆ ಸುರಿದು ಬಿಗಿ ತರಲು ಹೋದರೆ, ದೊಡ್ಡ ದಿಬ್ಬದಲ್ಲಿ ಫೋರ್ಕು ಮೊದಲಿನಂತೆಯೇ ತಳ ಹೊಡೆಯುತ್ತದೆ, ಸಣ್ಣ ಉಬ್ಬುಗಳ ಸಾಲಿನಲ್ಲಿ ಮೇಲೇಳಲು ಸಮಯ ಸಾಲದೆ ಕೆಳಗೇ ಕಚ್ಚಿಕೊಳ್ಳುತ್ತದೆ. ಎರಡೂ ಕಾಲುಗಳಲ್ಲಿ ಎಣ್ಣೆಯ ಮಟ್ಟ ಒಂದೇ ಆಗಿರುವುದನ್ನು ಕಡ್ಡಿಯಿಂದ ಅಳೆದು ನೋಡಬೇಕು.

ಹೊಂದಾಣಿಕೆ ಸರಿಯಾಗಿದೆಯೇ ಎಂದು ತಿಳಿಯಲು ಸ್ಯಾಗ್ ಎಂಬ ಅಳತೆಯನ್ನು ಬಳಸುತ್ತಾರೆ. ಬೈಕನ್ನು ಸ್ಟ್ಯಾಂಡಿನ ಮೇಲೆತ್ತಿ ಚಕ್ರ ಪೂರ್ತಿ ತೂಗಾಡುವಾಗ ಒಮ್ಮೆ, ಸವಾರ ಪೂರ್ಣ ಉಡುಪಿನಲ್ಲಿ ಕುಳಿತಾಗ ಇನ್ನೊಮ್ಮೆ ಅಳೆದರೆ ಸಿಗುವ ವ್ಯತ್ಯಾಸವೇ ಸ್ಯಾಗ್. ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗ ಸವಾರನ ಭಾರದಿಂದಲೇ ಕುಸಿದಿರಬೇಕು ಎಂಬುದು ರೂಢಿಯ ಲೆಕ್ಕ. ಚಲನೆ 180 ಮಿಲಿಮೀಟರ್ ಆಗಿದ್ದರೆ 60ರ ಆಸುಪಾಸು. ಕಡಿಮೆಯಾದರೆ ಚಕ್ರ ಗುಂಡಿಗಿಳಿಯದೆ ಹಾರುತ್ತದೆ, ಹೆಚ್ಚಾದರೆ ನೆಗೆದು ಇಳಿಯುವಾಗ ತಡೆಯಲು ಚಲನೆ ಉಳಿದಿರುವುದಿಲ್ಲ.

ಹಿಂದಿನ ಶಾಕ್‌ಗಳ ಬದಲಿಗೆ ಮರುಜೋಡಿಸಬಹುದಾದ, ಗ್ಯಾಸ್ ತುಂಬಿದ ಶಾಕ್‌ಗಳನ್ನು ಹಾಕುವುದು ರೂಢಿ. ಬಹುಶಃ ಇಡೀ ಸಿದ್ಧತೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಖರ್ಚು ಇದೇ. ಮೂಲಕ್ಕಿಂತ ಉದ್ದನೆಯವನ್ನು ಹಾಕುವ ಆಸೆ ಸಹಜ, ಆದರೆ ಅದರ ಪರಿಣಾಮಗಳು ಬೈಕಿನ ತುಂಬ ಹರಡುತ್ತವೆ. ಹಿಂಬದಿ ಎತ್ತರವಾದಾಗ ಮುಂದಿನ ಫೋರ್ಕು ನೆಟ್ಟಗಾಗಿ, ಹ್ಯಾಂಡಲ್ ಚುರುಕಾಗುತ್ತದೆ, ವೇಗದಲ್ಲಿ ಅಲುಗಾಡುತ್ತದೆ. ಸ್ವಿಂಗ್ ಆರ್ಮ್ ಹೆಚ್ಚು ಇಳಿಜಾರಾಗಿ, ಚೈನು ಅದರ ತಿರುಗಣೆಯ ಮೇಲೆ ಉಜ್ಜುತ್ತದೆ. ಉದ್ದದ ಶಾಕ್ ಹಾಕುವವರು ಮುಂದಿನ ಫೋರ್ಕನ್ನೂ ಅಷ್ಟೇ ಎತ್ತರಿಸಬೇಕು, ಚೈನಿಗೆ ಉಜ್ಜುಪಟ್ಟಿ ಮತ್ತು ರೋಲರ್ ಕೊಡಬೇಕು. ಸ್ವಿಂಗ್ ಆರ್ಮಿನ ಬುಶ್ಶುಗಳು ಸಡಿಲವಿದ್ದರೆ ಯಾವ ದುಬಾರಿ ಶಾಕ್ ಹಾಕಿದರೂ ಬೈಕು ಹಾವಿನಂತೆ ಹೊಯ್ದಾಡುತ್ತದೆ. ಅವುಗಳ ಸ್ಥಾನದಲ್ಲಿ ಕಂಚಿನ ಬುಶ್ಶು ಅಥವಾ ಸೂಜಿ ಬೇರಿಂಗು, ಹ್ಯಾಂಡಲಿನ ಗುಂಡು ಬೇರಿಂಗುಗಳ ಸ್ಥಾನದಲ್ಲಿ ಟೇಪರ್ ರೋಲರ್ ಬೇರಿಂಗು ಹಾಕುವುದು ಸಾಮಾನ್ಯ.

ಚಕ್ರ, ಬ್ರೇಕು, ಚೈನು

ಚಕ್ರಗಳ ಗಾತ್ರ ಮುಂದೆ 21, ಹಿಂದೆ 18 ಅಂಗುಲ. ಈ ಅಳತೆಯ ಮೋಟೋಕ್ರಾಸ್ ಟೈರುಗಳು ಈಗಲೂ ಸುಲಭವಾಗಿ ಸಿಗುತ್ತವೆ. ಮಣ್ಣಿನ ಓಟದಲ್ಲಿ ಟೈರಿನ ಗಾಳಿಯನ್ನು 12ರಿಂದ 15 ಪಿಎಸ್‌ಐವರೆಗೆ ಇಳಿಸುತ್ತಾರೆ. ಅಷ್ಟು ಕಡಿಮೆ ಗಾಳಿಯಲ್ಲಿ ಎಂಜಿನ್ನಿನ ಎಳೆತಕ್ಕೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಕಿತ್ತುಹಾಕಬಹುದಾದ್ದರಿಂದ, ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿಯುವ ರಿಮ್ ಲಾಕ್ ಹಾಕಬೇಕು. ಕಡ್ಡಿಗಳನ್ನು ಪಾನಾದಿಂದ ಮೆಲ್ಲಗೆ ತಟ್ಟಿದರೆ ಬಿಗಿಯಾದದ್ದು ನಾದ ಕೊಡುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದುಮಾಡುತ್ತದೆ. ಪ್ರತಿ ಓಟದ ಮುನ್ನ ಈ ಪರೀಕ್ಷೆ ನಡೆಯಬೇಕು.

ಡ್ರಮ್ ಬ್ರೇಕುಗಳು ದುರ್ಬಲವೆಂಬ ಮಾತು ಅರ್ಧ ಮಾತ್ರ ನಿಜ. ಹೊಸ ಲೈನಿಂಗ್ ಅಂಟಿಸಿ, ಅದನ್ನು ಡ್ರಮ್ಮಿನ ವಕ್ರತೆಗೆ ಸರಿಯಾಗಿ ಹೊಂದುವಂತೆ ಅರೆದು, ಕೇಬಲ್ ಬದಲಿಸಿದರೆ ಮಣ್ಣಿನಲ್ಲಿ ಬೇಕಾದಷ್ಟು ಹಿಡಿತ ಸಿಗುತ್ತದೆ. ನೀರು ನುಗ್ಗಿದ ಮೇಲೆ ಮಾತ್ರ ಕೆಲ ತಿರುವುಗಳವರೆಗೆ ನಂಬುವಂತಿಲ್ಲ. ದೊಡ್ಡ ಒಂಟಿ ಸಿಲಿಂಡರ್ ಥ್ರಾಟಲ್ ಬಿಟ್ಟಾಗ ತಾನೇ ಹಿಂದಿನ ಚಕ್ರವನ್ನು ಬಲವಾಗಿ ತಡೆಯುತ್ತದೆ. ಎರಡು ಸ್ಟ್ರೋಕಿನ ಬೈಕಿನಿಂದ ಬಂದ ಸವಾರರು ಇದಕ್ಕೆ ಒಗ್ಗಿಕೊಳ್ಳದೆ ಹಿಂದಿನ ಬ್ರೇಕನ್ನೂ ಒತ್ತಿ, ತಿರುವಿನ ಬಾಯಲ್ಲೇ ಎಂಜಿನ್ ಆಫ್ ಮಾಡಿಕೊಳ್ಳುವುದು ಸಾಮಾನ್ಯ ದೃಶ್ಯ.

ಗೇರಿನ ಅನುಪಾತವನ್ನು ಸ್ಪ್ರಾಕೆಟ್‌ಗಳಿಂದ ಬದಲಿಸುತ್ತಾರೆ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು ಹಿಂದಿನದರಲ್ಲಿ ಸುಮಾರು ಮೂರು ಹಲ್ಲು ಹೆಚ್ಚಿಸುವುದಕ್ಕೆ ಸಮ. ಇಕ್ಕಟ್ಟಾದ ಟ್ರ್ಯಾಕಿಗೆ ಇಷ್ಟು ಸಾಕಾಗುತ್ತದೆ.

ಎಂಜಿನ್

499 ಸಿಸಿಯ ಈ ಎಂಜಿನ್ನಿನ ಬೋರ್ 87 ಮಿಲಿಮೀಟರ್, ಸ್ಟ್ರೋಕ್ 84 ಮಿಲಿಮೀಟರ್. ಎರಡು ವಾಲ್ವು, ತಲೆಯ ಮೇಲೆ ಒಂದು ಕ್ಯಾಮ್, ಸುಮಾರು 30 ಅಶ್ವಶಕ್ತಿ. ಸ್ಪರ್ಧೆಗೆ ಮುನ್ನ ಇದನ್ನು ಸುಸ್ಥಿತಿಗೆ ತರುವುದೇ ಮುಖ್ಯ ಕೆಲಸ: ಪಿಸ್ಟನ್ ಮತ್ತು ಸಿಲಿಂಡರಿನ ಸವೆತ ಅಳೆಯುವುದು, ವಾಲ್ವುಗಳನ್ನು ಅರೆದು ಕೂರಿಸುವುದು, ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ರೋಲರ್ ಬೇರಿಂಗನ್ನು ಪರೀಕ್ಷಿಸುವುದು. ಕ್ರ್ಯಾಂಕು ಒತ್ತಿ ಜೋಡಿಸಿದ ಮಾದರಿಯದಾದ್ದರಿಂದ ಆ ಬೇರಿಂಗ್ ಬದಲಿಸಲು ಪ್ರೆಸ್ ಬೇಕು, ಜೋಡಿಸಿದ ಮೇಲೆ ಎರಡು ಭಾಗಗಳೂ ಒಂದೇ ರೇಖೆಯಲ್ಲಿವೆಯೇ ಎಂದು ಡಯಲ್ ಗೇಜಿನಿಂದ ನೋಡಬೇಕು. ಇದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಕ್ಯಾಮ್ ಚೈನಿನ ಬಿಗಿಯನ್ನು ಕೈಯಾರೆ ಹೊಂದಿಸಬೇಕಾದ ವ್ಯವಸ್ಥೆ ಇರುವುದರಿಂದ ಅದನ್ನು ಮರೆಯದೆ ನೋಡಿಕೊಳ್ಳಬೇಕು.

ಬೋರನ್ನು 90 ಮಿಲಿಮೀಟರಿಗೆ ಹಿಗ್ಗಿಸಿದರೆ ಎಂಜಿನ್ 534 ಸಿಸಿ ಆಗುತ್ತದೆ. ಕಂಪ್ರೆಷನ್ ಹೆಚ್ಚಿಸುವ ಪಿಸ್ಟನ್, ಎತ್ತರದ ಕ್ಯಾಮ್, ದೊಡ್ಡ ಕಾರ್ಬ್ಯುರೇಟರ್‌ಗಳೂ ದೊರೆಯುತ್ತವೆ. ಆದರೆ ಗಾಳಿಯಿಂದ ಮಾತ್ರ ತಂಪಾಗುವ ಸಿಲಿಂಡರಿನಲ್ಲಿ ಪ್ರತಿಯೊಂದು ಹೆಚ್ಚುವರಿ ಅಶ್ವಶಕ್ತಿಯೂ ಹೆಚ್ಚುವರಿ ಶಾಖವೇ. ನಿಧಾನವಾದ ಕೆಸರಿನ ಓಟದಲ್ಲಿ ಅದನ್ನು ಒಯ್ಯಲು ಗಾಳಿ ಇರುವುದಿಲ್ಲ. ಕಿಕ್ ಹೊಡೆಯುವುದೂ ಕಷ್ಟವಾಗುತ್ತ ಹೋಗುತ್ತದೆ. ಈ ಮಾರ್ಪಾಡುಗಳಿಗಿಂತ ಏರ್ ಫಿಲ್ಟರಿನ ಶುಚಿ ಹೆಚ್ಚು ಬೆಲೆಯುಳ್ಳದ್ದು. ಎಣ್ಣೆಯಲ್ಲಿ ಅದ್ದಿ ಹಿಂಡಿದ ಫೋಮ್ ಫಿಲ್ಟರನ್ನು ಅಂಚಿಗೆ ಗ್ರೀಸ್ ಸವರಿ ಕೂರಿಸಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಒಂದೇ ದಿನದ ಧೂಳು ಪಿಸ್ಟನ್ ರಿಂಗುಗಳನ್ನು ಸವೆಸಬಲ್ಲದು. ಸೈಲೆನ್ಸರ್ ಬದಲಿಸಿದವರು ಕಾರ್ಬ್ಯುರೇಟರಿನ ಜೆಟ್‌ಗಳನ್ನೂ ಬದಲಿಸಬೇಕು. ಎಂಜಿನ್ ಬಡಕಲು ಮಿಶ್ರಣದಲ್ಲಿ ಓಡಿದರೆ ಎಕ್ಸಾಸ್ಟ್ ವಾಲ್ವು ಸುಡುತ್ತದೆ.

ಮೂಲ ಇಗ್ನಿಷನ್ ಪ್ಲಾಟಿನಂ ಪಾಯಿಂಟಿನದು, ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಪಾಯಿಂಟುಗಳು ಶುಚಿಯಾಗಿದ್ದಾಗ ಅದರಲ್ಲಿ ದೋಷವಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಬದಲಾದವರು ಮುಖ್ಯವಾಗಿ ಬಯಸುವುದು ಸುಲಭವಾಗಿ ಶುರುವಾಗುವ ಎಂಜಿನ್ನನ್ನು. ಬಿದ್ದು ಎಂಜಿನ್ ನಿಂತಾಗ ಬಿಸಿಯಲ್ಲೇ ಮತ್ತೆ ಕಿಕ್ ಹೊಡೆಯಬೇಕಾಗುವ ಸ್ಪರ್ಧೆಯಲ್ಲಿ ಸ್ಥಾನಗಳು ಕೈತಪ್ಪುವುದು ಅಲ್ಲಿಯೇ.

ಕಿಕ್ ಹೊಡೆಯಲು ಒಂದು ಕ್ರಮವಿದೆ. ಹ್ಯಾಂಡಲಿನ ಎಡಬದಿಯ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಮೆಲ್ಲಗೆ ಒತ್ತುತ್ತ, ಸಿಲಿಂಡರ್ ಹೆಡ್ಡಿನ ಬದಿಯ ಪುಟ್ಟ ಗಾಜಿನ ಕಿಂಡಿಯಲ್ಲಿ ಕ್ಯಾಮಿನ ಗುರುತು ಕಾಣಿಸಿದಾಗ ನಿಲ್ಲಿಸಬೇಕು. ಆಗ ಪಿಸ್ಟನ್ ತುದಿಯನ್ನು ತುಸು ದಾಟಿರುತ್ತದೆ. ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬಿಟ್ಟು, ಥ್ರಾಟಲ್ ತಿರುಗಿಸದೆ ಒಂದೇ ಪೂರ್ಣ ಒದೆತ ಕೊಡಬೇಕು. ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಆಮೀಟರಿನ ಮುಳ್ಳು ನೋಡಿ, ಡಿಕಂಪ್ರೆಸ್ಸರ್ ಒತ್ತಿ ಕಿಕ್ ಹೊಡೆದವರಿಗೆ ಇದು ಹೊಸದಲ್ಲ. ತಪ್ಪಿದ ಕಿಕ್ಕಿನ ಮರುಹೊಡೆತ ಪಾದವನ್ನೋ ಮಂಡಿಯನ್ನೋ ಗಾಯಗೊಳಿಸಬಲ್ಲದು. ಗಟ್ಟಿ ಅಟ್ಟೆಯ ಬೂಟಿಲ್ಲದೆ ಕಿಕ್ ಹೊಡೆಯಬಾರದು.

ಕತ್ತರಿಸಬೇಕೇ?

ಹಗುರಗೊಳಿಸುವ ಭರದಲ್ಲಿ ಫ್ರೇಮಿನ ಹಿಂಬದಿ ಕೊಳವೆಗಳನ್ನು ಕತ್ತರಿಸುವುದು, ಶಾಕ್‌ಗಳ ಹಿಡಿಕೆಯನ್ನು ಮುಂದಕ್ಕೆ ಬೆಸೆಯುವುದು ಹಿಂದೆ ಸಾಮಾನ್ಯವಾಗಿತ್ತು. 1970ರ ದಶಕದಲ್ಲಿ ಅದು ಹೊಸ ಬೈಕಿನ ಮೇಲೆ ನಡೆದ ಪ್ರಯೋಗ, ಕೆಟ್ಟರೆ ಇನ್ನೊಂದು ಫ್ರೇಮು ಸಿಗುತ್ತಿತ್ತು. ಎಕ್ಸ್‌ಟಿ 500ರ ತಯಾರಿಕೆ 1989ರ ಹೊತ್ತಿಗೆ ನಿಂತಿದೆ. ಪೂರ್ಣ ಸ್ಥಿತಿಯಲ್ಲಿ ಉಳಿದ ಫ್ರೇಮುಗಳ ಸಂಖ್ಯೆ ಇನ್ನು ಕಡಿಮೆಯಾಗುವುದೇ ಹೊರತು ಹೆಚ್ಚಾಗದು. ಎಲ್ಲ ಭಾಗಗಳೂ ಇರುವ, ದಾಖಲೆಪತ್ರಗಳುಳ್ಳ ಬೈಕಿನಲ್ಲಿ ಬೋಲ್ಟಿನಿಂದ ಬಿಚ್ಚಿ ಮತ್ತೆ ಹಾಕಬಹುದಾದ ಬದಲಾವಣೆಗಳಿಗೆ ಮಿತಿ ಹಾಕಿಕೊಳ್ಳುವುದು ವಿವೇಕ. ಗೆಲ್ಲುವ ಉದ್ದೇಶವೇ ಪ್ರಧಾನವಾದವರಿಗೆ ಎಚ್‌ಎಲ್ 500ರ ಮಾದರಿಯಲ್ಲಿ ಪ್ರತ್ಯೇಕ ಫ್ರೇಮು ಮಾಡಿಸಿ, ಅದಕ್ಕೆ ಎಂಜಿನ್ ಕೂರಿಸುವ ದಾರಿ ಇದೆ. ಮೂಲ ಫ್ರೇಮು ಗೋಡೆಯ ಮೇಲೆ ಅಖಂಡವಾಗಿ ಉಳಿಯುತ್ತದೆ. ದೀಪ ಕಳೆದುಹೋದ, ತುಕ್ಕು ಹಿಡಿದ, ಪತ್ರಗಳಿಲ್ಲದ ಬೈಕುಗಳ ವಿಷಯ ಬೇರೆ. ಟ್ರ್ಯಾಕಿಗೆ ಇಳಿಸಲು ಅಂಥವೇ ಯೋಗ್ಯ.

ಓಟದ ದಿನ ಮತ್ತು ನಂತರ

ತಪಾಸಣೆಯಲ್ಲಿ ಸಾಮಾನ್ಯವಾಗಿ ನೋಡುವುದು: ತುದಿಯಲ್ಲಿ ಗುಂಡಿರುವ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು, ಬಿಟ್ಟೊಡನೆ ಹಿಂದಿರುಗುವ ಥ್ರಾಟಲ್, ಕೈಗೆಟಕುವ ಎಂಜಿನ್ ಕಿಲ್ ಸ್ವಿಚ್, ಮಡಿಚಿಕೊಳ್ಳುವ ಫುಟ್‌ರೆಸ್ಟ್, ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳ, ಸಂಖ್ಯಾಫಲಕ. ಶಬ್ದದ ಮಿತಿ ಮೀರಿದ ಸೈಲೆನ್ಸರನ್ನು ಅನೇಕ ಕಡೆ ಒಪ್ಪುವುದಿಲ್ಲ. ಎಣ್ಣೆ ಬಿರಡೆಗಳನ್ನು ತಂತಿಯಿಂದ ಬಿಗಿದು ಕಟ್ಟುವುದು ನಿಯಮದಲ್ಲಿ ಇರಲಿ ಬಿಡಲಿ, ಕಂಪನ ಹೆಚ್ಚಿರುವ ಈ ಬೈಕಿಗೆ ಅವಶ್ಯಕ.

ಓಟ ಮುಗಿದ ಸಂಜೆ ಬೈಕನ್ನು ತೊಳೆಯುವಾಗ ಏರ್ ಫಿಲ್ಟರಿನ ಬಾಯಿ ಮತ್ತು ಸೈಲೆನ್ಸರಿನ ತುದಿಯನ್ನು ಮುಚ್ಚಬೇಕು, ಚಕ್ರದ ಬೇರಿಂಗುಗಳಿಗೆ ನೇರವಾಗಿ ನೀರು ರಭಸದಿಂದ ಬಿಡಬಾರದು. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ, ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡುತ್ತಾರೆ. ಬೂದುಬಣ್ಣದ ಮಸಿಯಂತಹ ನುಣುಪು ಪುಡಿ ಸಹಜ ಸವೆತದ್ದು. ಬೆರಳಿಗೆ ಚುಚ್ಚುವ, ಬೆಳಕಿಗೆ ಮಿನುಗುವ ಚೂರುಗಳು ಕಂಡರೆ ಎಂಜಿನ್ ಬಿಚ್ಚುವವರೆಗೆ ಮತ್ತೆ ಕಿಕ್ ಹೊಡೆಯಬಾರದು.